ಪ್ರಾರಂಭೋತ್ಸವದ ದಿನವೇ ಅಡುಗೆ ಅಜ್ಜಿಗೆ ಶ್ರದ್ಧಾಂಜಲಿ ಇಡಬಹುದಾ?

ಹಳ್ಳಿ ಶಾಲೆ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದರಿಂದ ಏಳರವರೆಗೆ ಅರವತ್ತು ಚಿಲ್ಲರೆ ಮಕ್ಕಳು. ನಾನು ನಲಿ-ಕಲಿ, ಅಂದರೆ ಚಿಕ್ಕ ತರಗತಿಗಳ ಮಕ್ಕಳನ್ನು ನೋಡಿಕೊಳ್ಳುತ್ತೇನೆ.

ಬೇಸಿಗೆ ರಜೆಯಲ್ಲಿ ನಮ್ಮ ಬಿಸಿಯೂಟದ ಮುಖ್ಯ ಅಡುಗೆಯವರು ತೀರಿಕೊಂಡರು. ಹೆಸರು ಹಾಕುವುದಿಲ್ಲ, ಮನೆಯವರನ್ನು ಕೇಳಿಲ್ಲ. ಅರವತ್ತು ತುಂಬಿರಲಿಲ್ಲ, ಆದರೂ ಮಕ್ಕಳಿಗೆಲ್ಲ ಅಡುಗೆ ಅಜ್ಜಿ. ನಮ್ಮ ಕಡೆ ಬಿಸಿಯೂಟ ಶುರುವಾದ 2003ರಿಂದಲೂ ಅದೇ ಒಲೆ ಮುಂದೆ ಇದ್ದವರು. ಈಗ ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರಲ್ಲೇ ಕೆಲವರು ಅವರು ಬಡಿಸಿದ್ದನ್ನು ಉಂಡು ಬೆಳೆದವರು. ಮೊದಮೊದಲು ಕಾಲೋನಿಯವರ (ದಲಿತ ಕೇರಿಯವರ) ಅಡುಗೆ ಅಂತ ಐದಾರು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅದೆಲ್ಲ ನಿಂತಿತ್ತು.

ಅಜ್ಜಿ ಎಂಥವರು ಅಂತ ಹೇಳಬೇಕು ಅಂದರೆ ಹಾಲಿನ ವಿಷಯ ಹೇಳುತ್ತೇನೆ. 2013ರಲ್ಲಿ ಕ್ಷೀರಭಾಗ್ಯ ಬಂತಲ್ಲ, ಆ ಹಾಲಿನ ಪುಡಿ ಸುಮ್ನೆ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಗಂಟು ಬಾಯಿಗೆ ಸಿಕ್ಕಿದರೆ ಮಕ್ಕಳು ಲೋಟ ಅಲ್ಲೇ ಇಟ್ಟು ಓಡುತ್ತವೆ. ಅಜ್ಜಿ ಮೊದಲು ಒಂದು ಬೋಗುಣಿಯಲ್ಲಿ ಪುಡಿಗೆ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಹಾಕಿ, ದೋಸೆ ಹಿಟ್ಟಿನ ಹದ ಬರುವವರೆಗೆ ಕೈಯಲ್ಲೇ ತಿಕ್ಕುತ್ತಿದ್ದರು. ಆಮೇಲೆ ದೊಡ್ಡ ಪಾತ್ರೆಗೆ. ಅಕ್ಕಿ ಲೆಕ್ಕವೂ ಹಾಗೇ. ನಮ್ಮ ಪುಸ್ತಕದಲ್ಲಿ ಐದನೇ ತರಗತಿವರೆಗೆ ತಲಾ 100 ಗ್ರಾಂ, ಆರು ಏಳಕ್ಕೆ 150 ಗ್ರಾಂ. ಅಜ್ಜಿ ಪ್ರಾರ್ಥನೆಗೆ ನಿಂತ ಸಾಲನ್ನು ಅಡುಗೆ ಕೋಣೆ ಬಾಗಿಲಿಂದಲೇ ಒಮ್ಮೆ ನೋಡಿ ಪಾವಿನಲ್ಲಿ ಅಳೆದು ಹಾಕಿಬಿಡುತ್ತಿದ್ದರು. ತಕ್ಕಡಿಗೆ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಈಗ ಸಮಸ್ಯೆ ಇದು. ಮೇ 29ಕ್ಕೆ ಶಾಲೆ ತೆಗೆಯುತ್ತದೆ, ಒಂದೆರಡು ದಿನಕ್ಕೆ ಪ್ರಾರಂಭೋತ್ಸವ. ತೋರಣ, ಬಾಳೆಕಂದು, ಟ್ರ್ಯಾಕ್ಟರ್ ಮೆರವಣಿಗೆ, ಗುಲಾಬಿ ಹೂ, ಕೇಸರಿಬಾತ್, ಎಲ್ಲ ಇದೆ. ಅವತ್ತೇ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಶ್ರದ್ಧಾಂಜಲಿ ವಿಷಯ ಎತ್ತಿದೆ. ಹೆಡ್‌ಮಾಸ್ಟರ್, "ಹೊಸ ಮಕ್ಕಳು ಬರುವ ದಿನ ಸಾವಿನ ಮಾತು ಬೇಡ ಮೇಡಂ" ಅಂದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, "ಕಾರ್ಯಕ್ರಮದ ಮೊದಲಿಗೆ ಒಂದು ನಿಮಿಷ ಮೌನ ಮಾಡಿ ಮುಗಿಸಿ" ಅಂದರು. ಇನ್ನೊಬ್ಬರು, ಮಕ್ಕಳಲ್ವಾ, ವಾರದಲ್ಲಿ ಮರೆಯುತ್ತಾರೆ ಬಿಡಿ ಅಂತ.

ಮರೆಯುವುದಿಲ್ಲ ಅಂತ ನನಗೆ ಗೊತ್ತು. ಅರ್ಧ ಮಕ್ಕಳು ರಜೆಗೆ ಬೇರೆ ಊರಿಗೆ ಹೋಗಿದ್ದಾರೆ, ಕೆಲವರಿಗೆ ಸುದ್ದಿಯೇ ಮುಟ್ಟಿಲ್ಲ. ಬಂದ ತಕ್ಷಣ ಅಡುಗೆ ಕೋಣೆ ಬಾಗಿಲಿಗೆ ಓಡುತ್ತಾರೆ. ಇನ್ನೊಂದು, ಈ ಸಲ ಒಂದನೇ ತರಗತಿಗೆ ಸೇರುತ್ತಿರುವವರಲ್ಲಿ ಅಜ್ಜಿಯ ಮೊಮ್ಮಗಳೂ ಒಬ್ಬಳು.

ಯಾವ ದಿನ ಮಾಡಲಿ? ಹೇಗೆ ಮಾಡಲಿ? ಫೋಟೋ ಎಲ್ಲಿ ಹಾಕಲಿ? ಮಾಡಿ ನೋಡಿದವರು ಹೇಳಿ.

ಎಸ್‌ಡಿಎಂಸಿ ಸದಸ್ಯ, ತುಮಕೂರು ಕಡೆ:

ಮೇಡಂ, ಏನಾದರೂ ಮಾಡಿ, ಮೈಕ್ ಮಾತ್ರ ತರಿಸಬೇಡಿ. ನಮ್ಮೂರ ಶಾಲೆಯಲ್ಲಿ ಒಬ್ಬರು ಮೇಷ್ಟ್ರು ತೀರಿಕೊಂಡಾಗ ಹೀಗೇ ಒಂದು ನಿಮಿಷ ಮೌನ ಅಂತ ಶುರುವಾಯಿತು. ಮೈಕ್ ಇದೆ ಅಂದ ಮೇಲೆ ಪಂಚಾಯಿತಿ ಮೆಂಬರು ಬಂದರು. ಅವರಾದ ಮೇಲೆ ಮಾಜಿ ಮೆಂಬರು. ಒಬ್ಬೊಬ್ಬರೂ ತಾವು ಶಾಲೆಗೆ ಏನೇನು ಮಾಡಿಸಿಕೊಟ್ಟೆವು ಅಂತಲೇ ಹೇಳಿದ್ದು. ಬಿಸಿಲಲ್ಲಿ ನಿಂತ ಎರಡನೇ ಕ್ಲಾಸಿನ ಹುಡುಗಿ ತಲೆ ಸುತ್ತಿ ಬಿದ್ದಳು. ಮೇಷ್ಟ್ರ ಹೆಂಡತಿ ಪಾಪ ಕುರ್ಚಿ ಮೇಲೆ ಕೂತು ಎಲ್ಲರ ಭಾಷಣ ಕೇಳಿ ಎದ್ದು ಹೋದರು.

ನಿವೃತ್ತ ಮೇಷ್ಟ್ರು, ಹಾಸನ:

ನೋಡಮ್ಮ, ನಿಮ್ಮ ಹೆಡ್‌ಮಾಸ್ಟರ್ ಹೇಳಿದ್ದರಲ್ಲಿ ಅರ್ಧ ಸರಿ. ಒಂದನೇ ಕ್ಲಾಸಿಗೆ ಬರುವ ಮಗುವಿಗೆ ಶಾಲೆ ಅಂದರೆ ಮೊದಲ ದಿನ ನೋಡಿದ್ದೇ ಶಾಲೆ. ಅವತ್ತು ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರೆ ಅದಕ್ಕೆ ಏನು ಅರ್ಥವಾಗುತ್ತದೆ? ಅದು ಅಜ್ಜಿಯನ್ನು ನೋಡಿದ್ದೂ ಇಲ್ಲ. ಆದರೆ ಉಳಿದ ಮಕ್ಕಳು ನೋಡಿದ್ದಾರೆ. ಅವರ ಮುಂದೆ ಏನೂ ಆಗಿಲ್ಲ ಅನ್ನುವ ಹಾಗೆ ತೋರಣ ಕಟ್ಟಿ ತಮಟೆ ಹೊಡೆಸಿದರೆ, ದೊಡ್ಡವರು ಮುಚ್ಚಿಡುತ್ತಿದ್ದಾರೆ ಅಂತ ಅವಕ್ಕೆ ತಿಳಿಯುತ್ತದೆ.

ಹಾಗಾಗಿ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. 29ನೇ ತಾರೀಕು ದೊಡ್ಡ ಮಕ್ಕಳು ಹೇಗೂ ಬರುತ್ತಾರೆ. ಅವತ್ತೇ ಹೇಳಿ. ಅವರು ಅಡುಗೆ ಕೋಣೆಗೆ ಓಡುವುದಕ್ಕೆ ಮುಂಚೆ, ಗೇಟಿನ ಹತ್ತಿರವೇ ನಿಂತು ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಹೇಳಿ. ಊರಿಗೆ ಹೋಗಿದ್ದಾರೆ, ದೇವರ ಹತ್ತಿರ ಇದ್ದಾರೆ ಅಂತೆಲ್ಲ ಸುತ್ತಿ ಬಳಸಬೇಡಿ. ತೀರಿಕೊಂಡರು ಅಂತಲೇ ಹೇಳಿ. ಹಳ್ಳಿ ಮಕ್ಕಳು ಸಾವು ನೋಡದವರೇನಲ್ಲ. ಹೇಗಾಯಿತು ಅಂತ ಕೇಳುತ್ತಾರೆ, ಅದನ್ನೂ ಹೇಳಿ.

ಮೌನದ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಪ್ರತಿ ವರ್ಷ ಜನವರಿ 30ರಂದು ಬೆಳಗ್ಗೆ 11ಕ್ಕೆ ಹುತಾತ್ಮರ ದಿನದ ಎರಡು ನಿಮಿಷದ ಮೌನ ಮಾಡಿಸಿದವನು ನಾನು. ಮೊದಲ ಅರ್ಧ ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಹಿಂದಿನ ಸಾಲಲ್ಲಿ ಒಬ್ಬ ಕಿಸಕ್ಕಂತಾನೆ, ಅಲ್ಲಿಂದ ಹಬ್ಬುತ್ತದೆ. ಮೌನ ಮುಗಿದ ಮೇಲೆ ಉಳಿಯುವುದು ಬೈಗುಳ. ಗಾಂಧೀಜಿ ನೆನಪಲ್ಲ.

ಮಕ್ಕಳಿಗೆ ಬೇಕಾದದ್ದು ಒಂದು ಕಥೆ. ಶಿಕ್ಷಕರ ದಿನಕ್ಕೆ ರಾಧಾಕೃಷ್ಣನ್ ಅವರ ಬಗ್ಗೆ ಎಷ್ಟು ಹೇಳಿದರೂ ಹುಡುಗರ ತಲೆಯಲ್ಲಿ ನಿಲ್ಲುವುದು ಒಂದೇ. 1921ರಲ್ಲಿ ಅವರು ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಮಹಾರಾಜಾ ಕಾಲೇಜಿನ ಹುಡುಗರು ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಟ್ಟರಲ್ಲ, ಅದು. ತತ್ವಶಾಸ್ತ್ರ ಯಾರಿಗೆ ಬೇಕು! ನಿಮ್ಮ ಹತ್ತಿರವೂ ಆ ಹಾಲಿನ ಬೋಗುಣಿ ಇದೆ, ಪಾವು ಇದೆ. ಮಕ್ಕಳನ್ನೇ ಕೇಳಿ, ಒಬ್ಬೊಬ್ಬರೂ ಒಂದೊಂದು ಹೇಳಲಿ. ಯಾರೂ ಅಳಬೇಕು ಅಂತೇನಿಲ್ಲ. ನಕ್ಕರೆ ನಗಲಿ.

ಮೊಮ್ಮಗಳ ವಿಷಯ. ಆ ಮಗುವನ್ನು ವೇದಿಕೆಗೆ ಕರೆಯಬೇಡಿ, ಫೋಟೋಗೆ ಹೂ ಹಾಕಿಸಬೇಡಿ. ಉಳಿದ ಮಕ್ಕಳಿಗೆ ಕೊಡುವ ಗುಲಾಬಿ ಅವಳಿಗೂ ಒಂದು, ಅಷ್ಟೇ. ಇನ್ನೊಂದು ಮಾತು, ಹೊಸದಾಗಿ ಅಡುಗೆಗೆ ಬರುವವರು ಇರುತ್ತಾರಲ್ಲ, ಅವರಿಗೂ ಪ್ರಾರಂಭೋತ್ಸವದ ದಿನ ಹೂ ಕೊಟ್ಟು ಕರೆದುಕೊಳ್ಳಿ. ಅವರಿಗೂ ಅದು ಮೊದಲ ದಿನವೇ. ಇಲ್ಲದಿದ್ದರೆ ವರ್ಷವೆಲ್ಲ "ಅಜ್ಜಿ ಹೀಗೆ ಮಾಡುತ್ತಿರಲಿಲ್ಲ" ಅಂತ ಕೇಳಿ ಕೇಳಿ ಸಾಕಾಗುತ್ತದೆ ಅವರಿಗೆ.

ಫೋಟೋ ಅಡುಗೆ ಕೋಣೆಯಲ್ಲೇ ಹಾಕಿ. ಅವರ ಜಾಗ ಅದು.

ರಾಯಚೂರಿನವ, ಸದ್ಯ ಬೆಂಗಳೂರು:

ಮೇಷ್ಟ್ರೇ, ಕೊನೆಯ ಸಾಲೊಂದು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ.

ನಮ್ಮ ಕಡೆ ಏಳು ಜಿಲ್ಲೆಗಳಿಗೆ 2002ರಲ್ಲೇ ಬಿಸಿಯೂಟ ಬಂತು. ನಾನು ಆಗ ನಾಲ್ಕನೇ ಕ್ಲಾಸು. ಟೀಚರ್ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರಲ್ಲ, ಡಬ್ಬಿ ಕಟ್ಟಿ ಕಳಿಸುತ್ತಿದ್ದರಂತೆ ಅಂತ, ಆ ಡಬ್ಬಿ ನಮ್ಮ ಮನೆಯಿಂದಲೂ ಬರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ. ನಾನು ಅದನ್ನು ಪಕ್ಕದವನಿಗೆ ಕೊಟ್ಟು ಶಾಲೆಯ ಅನ್ನ ಸಾಂಬಾರು ಉಣ್ಣುತ್ತಿದ್ದೆ. ಸಂಜೆ ಅವ್ವ ಕೇಳಿದರೆ "ರೊಟ್ಟಿ ಖಾಲಿ ಆಗ್ಯಾವ" ಅನ್ನುತ್ತಿದ್ದೆ. ಸುಳ್ಳೇನಲ್ಲ. ನಮಗೆ ಬಡಿಸುತ್ತಿದ್ದ ಅಕ್ಕನಿಗೆ ಎಲ್ಲ ಗೊತ್ತಿತ್ತು. ಯಾರು ಡಬ್ಬಿ ತರುತ್ತಾರೆ, ಯಾರು ಕದ್ದು ಉಣ್ಣುತ್ತಾರೆ, ಎಲ್ಲ. ಒಂದು ದಿನವೂ ಬಾಯಿ ಬಿಡಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತರೂ ನನ್ನ ತಟ್ಟೆಗೆ ಕಮ್ಮಿ ಬೀಳುತ್ತಿರಲಿಲ್ಲ.

ಅಷ್ಟು ವರ್ಷ ಅದನ್ನು ನುಂಗಿಕೊಂಡು ಊರಿನ ಮಕ್ಕಳಿಗೆಲ್ಲ ಉಣಬಡಿಸಿದವರ ಫೋಟೋವನ್ನು ಮತ್ತೆ ಅಡುಗೆ ಕೋಣೆ ಹೊಗೆಯಲ್ಲಿ ಹಾಕುವುದಾ? ನಿಮ್ಮ ಶಾಲೆಯ ಗೋಡೆ ನೋಡಿ. ಫ್ಯಾನ್ ಕೊಟ್ಟವರ ಹೆಸರು ರೆಕ್ಕೆ ಮೇಲೆ ಇರುತ್ತದೆ. ಬೀರು ಕೊಟ್ಟವರ ಹೆಸರು ಬೀರುವಿನ ಮೇಲೆ. ಕಲ್ಲು ಬೆಂಚಿಗೆ ಅಪ್ಪನ ಹೆಸರು, ತಾತನ ಹೆಸರು. ತಟ್ಟೆ ಲೋಟದ ಮೇಲೂ ಚುಕ್ಕಿ ಚುಕ್ಕಿ ಹೊಡೆಸಿದ ಹೆಸರು. ಆ ತಟ್ಟೆಗೆ ಅನ್ನ ಹಾಕಿದವರ ಹೆಸರು ಎಲ್ಲೂ ಇಲ್ಲ. ಆಫೀಸ್ ರೂಮಿನಲ್ಲಿ ಹಾಕಿಸಿ ಟೀಚರ್, ಬಂದವರು ಯಾರು ಅಂತ ಕೇಳುವಂತೆ.

ಹೊಸ ಮಕ್ಕಳಿಗೆ ಒಂದೊಂದು ಸ್ಟೀಲ್ ತಟ್ಟೆ, ಅದರ ಮೇಲೆ ಅಜ್ಜಿ ಹೆಸರು ಹೊಡೆಸಿ ಕೊಟ್ಟರೆ ಹೇಗೆ? ಸ್ವಾಗತವೂ ಆಯಿತು, ನೆನಪೂ ಆಯಿತು. ತಟ್ಟೆ ಖರ್ಚು ನಾನು ಕೊಡುತ್ತೇನೆ. ನನ್ನ ಹೆಸರು ಬೇಡ.

ಮಂಡ್ಯದ ಅಮ್ಮ:

ತಟ್ಟೆ ಬೇಡಪ್ಪ. ನಮ್ಮ ಕಡೆ ತಿಥಿಗೆ ಸತ್ತವರ ಹೆಸರು ಹೊಡೆಸಿ ಸ್ಟೀಲ್ ಪಾತ್ರೆ ಹಂಚುತ್ತಾರೆ. ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ಮಗು ಮೊದಲ ದಿನ ಶಾಲೆಗೆ ಹೋಗಿ ತಿಥಿ ತಟ್ಟೆ ಹಿಡಿದು ಬಂತು ಅಂತ ಆಡಿಕೊಳ್ಳುತ್ತಾರೆ. ಆ ಮಾತು ಸುತ್ತಿ ಬಳಸಿ ಕೊನೆಗೆ ಅಜ್ಜಿ ಮನೆಯವರ ಕಿವಿಗೇ ಬೀಳುವುದು. ಸಾಂಬಾರಿನ ಬಕೆಟ್ಟು, ಸೌಟು, ಇಂಥದ್ದಕ್ಕೆ ಹೊಡೆಸಿ. ಅದು ಯಾರ ಮನೆಗೂ ಹೋಗುವುದಿಲ್ಲ, ದಿನಾ ಎಲ್ಲರ ಕಣ್ಣಿಗೂ ಬೀಳುತ್ತದೆ.

ಸ್ವಾಗತದ ಬಗ್ಗೆ ತಾಯಿಯಾಗಿ ಒಂದು ಮಾತು. ನನ್ನ ಮಗ ಒಂದನೇ ಕ್ಲಾಸಿಗೆ ಸೇರಿದಾಗ ಆರತಿ ಎತ್ತಿದರು, ಹೂ ಕೊಟ್ಟರು, ಟೋಪಿ ಹಾಕಿದರು. ಫೋಟೋ ತೆಗೆದದ್ದೇ ತೆಗೆದದ್ದು. ಟಾಯ್ಲೆಟ್ ಎಲ್ಲಿದೆ ಅಂತ ಯಾರೂ ತೋರಿಸಲಿಲ್ಲ. ಮಧ್ಯಾಹ್ನ ಚಡ್ಡಿ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ನೋಡಿ, ಮನೆಗೆ ಕರೆದುಕೊಂಡು ಬಂದು ಬಟ್ಟೆ ಹಾಕಿಸಿಕೊಂಡು ವಾಪಸ್ ಹೋದಳು. ಅವತ್ತಿಂದ ಅವಳ ಹಿಂದೆ ಹಿಂದೆಯೇ ಶಾಲೆಗೆ ಹೋಗುತ್ತಿದ್ದ. ನಿಮ್ಮಲ್ಲಿ ಹೊಸಬರು ಎಷ್ಟು ಜನ ಇದ್ದಾರೋ ಅಷ್ಟು ದೊಡ್ಡ ಮಕ್ಕಳನ್ನು ಜೋಡಿ ಮಾಡಿ. ಟಾಯ್ಲೆಟ್ಟು, ನೀರಿನ ನಲ್ಲಿ, ಕೈ ತೊಳೆಯುವ ಜಾಗ ತೋರಿಸಲಿ. ಊಟಕ್ಕೆ ಪಕ್ಕದಲ್ಲಿ ಕೂರಲಿ. ಆಮೇಲೆ ಗುಲಾಬಿ ಕೊಟ್ಟರೂ ಸರಿ, ಬಿಟ್ಟರೂ ಸರಿ.

ನಿವೃತ್ತ ಮೇಷ್ಟ್ರು, ಹಾಸನ:

ರಾಯಚೂರಿನವರೇ, ಗೋಡೆ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ, ಆಫೀಸ್ ರೂಮೇ ಸರಿ. ಆದರೆ ಡಬ್ಬಿ ಕಥೆಯನ್ನು ಪ್ರಾರ್ಥನೆ ಸಾಲಿನಲ್ಲಿ ಹೇಳಬಾರದು. ಆರು ವರ್ಷದ ಮೊಮ್ಮಗಳು ಅಲ್ಲೇ ನಿಂತಿರುತ್ತಾಳೆ, ಡಬ್ಬಿ ಕಳಿಸಿದ ಮನೆಯ ಮೊಮ್ಮಕ್ಕಳೂ ನಿಂತಿರುತ್ತಾರೆ. ಅದನ್ನು ಆರು ಏಳನೇ ಕ್ಲಾಸಿನವರಿಗೆ, ಸಂವಿಧಾನದ ಪಾಠ ಬಂದಾಗ, ಬಾಗಿಲು ಹಾಕಿಕೊಂಡು ನಿಧಾನವಾಗಿ ಹೇಳಬೇಕು. ಹೇಳದೇ ಮಾತ್ರ ಬಿಡಬಾರದು.

ಹಳ್ಳಿ ಶಾಲೆ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಎರಡೂ ಮುಗಿದವು, ಹೇಗಾಯಿತು ಅಂತ ಬರೆಯುತ್ತೇನೆ.

29ನೇ ತಾರೀಕು ಗೇಟಿನ ಹತ್ತಿರವೇ ನಿಂತಿದ್ದೆ. ಆದರೂ ಇಬ್ಬರು ಹಿಂದಿನ ಕಾಂಪೌಂಡ್ ಹಾರಿ ಬಂದು ಅಡುಗೆ ಕೋಣೆ ಬೀಗ ನೋಡಿದ್ದರು. ಎಲ್ಲರನ್ನೂ ಏಳನೇ ಕ್ಲಾಸಿನ ರೂಮಿನಲ್ಲಿ ಕೂರಿಸಿ ನೇರವಾಗಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆರನೇ ಕ್ಲಾಸಿನ ಹುಡುಗ ಎದ್ದು, "ಹಂಗಾದ್ರೆ ನಾಳೆಯಿಂದ ಅನ್ನ ಯಾರು ಮಾಡ್ತಾರೆ ಮಿಸ್?" ಅಂದ. ಹೆಡ್‌ಮಾಸ್ಟರ್ ಕಣ್ಣು ಬಿಟ್ಟರು. ನನಗೇನೋ ಅದು ಸರಿಯಾದ ಪ್ರಶ್ನೆಯೇ ಅನ್ನಿಸಿತು. ಸಹಾಯಕಿಯಾಗಿದ್ದ ಅಕ್ಕನೇ ಇನ್ನು ಮುಖ್ಯ ಅಡುಗೆಯವರು, ಜೊತೆಗೆ ಹೊಸಬರೊಬ್ಬರು ಬರುತ್ತಾರೆ ಅಂತ ಹೇಳಿದೆ.

ಅಲ್ಲಿಂದ ಮಾತು ಶುರುವಾಯಿತು ನೋಡಿ. ಸೀಗಡಿ ಸಾರು ಮಾಡು ಅಂತ ಹಟ ಹಿಡಿದವನಿಗೆ ಅಜ್ಜಿ ಸೌಟು ತೋರಿಸಿದ್ದು, ಮೊಟ್ಟೆ ಬೇಡ ಅನ್ನುವವರ ಬಾಳೆಹಣ್ಣನ್ನು ಯಾರೂ ಎಗರಿಸದ ಹಾಗೆ ಸೆರಗಿನಡಿ ಇಟ್ಟುಕೊಳ್ಳುತ್ತಿದ್ದದ್ದು, ಎರಡನೇ ಸಲ ಅನ್ನ ಕೇಳಲು ನಾಚಿಕೊಳ್ಳುವವರ ಪಕ್ಕ ಬಂದು "ಪಾತ್ರೆ ತೊಳೀಬೇಕು, ಖಾಲಿ ಮಾಡ್ರೋ" ಅನ್ನುತ್ತಿದ್ದದ್ದು. ಕೊನೆಯದ್ದು ನನಗೂ ಗೊತ್ತಿರಲಿಲ್ಲ. ಅಜ್ಜಿಯ ಮಗ, ಸೊಸೆ ಬಂದಿದ್ದರು, ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು. ಹೂ, ಊದುಬತ್ತಿ ಏನೂ ಇರಲಿಲ್ಲ. ಇಡಲು ಫೋಟೋನೇ ಇರಲಿಲ್ಲ ಅನ್ನಿ. ಮನೆಯಲ್ಲಿ ಆಧಾರ್ ಕಾರ್ಡಿನದ್ದು ಬಿಟ್ಟರೆ ಬೇರೆ ಇಲ್ಲವಂತೆ. ಶಾಲೆಯ ಏಳನೇ ಕ್ಲಾಸಿನ ಬೀಳ್ಕೊಡುಗೆ ಫೋಟೋಗಳನ್ನೆಲ್ಲ ಹುಡುಕಿದೆವು, ಒಂದರಲ್ಲೂ ಅಜ್ಜಿ ಇಲ್ಲ. ಅವತ್ತು ಸಿಹಿ ಮಾಡುತ್ತಾ ಒಳಗೇ ಇರುತ್ತಿದ್ದರಲ್ಲ. ಕೊನೆಗೆ ಹೆಡ್‌ಮಾಸ್ಟರೇ ತಮ್ಮ ಫೋನ್ ತಡಕಾಡಿ, ಬಿಸಿಯೂಟದ ವರದಿಗೆ ಅಂತ ತೆಗೆದಿದ್ದ ಒಂದು ಫೋಟೋ ಹುಡುಕಿದರು. ಅಂಚಿನಲ್ಲಿ ಅಜ್ಜಿ, ಒಂದು ಭುಜ ಕತ್ತರಿಸಿದೆ, ಮುಖ ಮಾತ್ರ ಸ್ಪಷ್ಟ. ತಾಲ್ಲೂಕಿನ ಸ್ಟುಡಿಯೋದವರು ಭುಜ ಸರಿ ಮಾಡಿ ಕೊಡುತ್ತೇವೆ ಅಂದಿದ್ದಾರೆ. ಆಫೀಸ್ ರೂಮಿನಲ್ಲಿ ಹಾಕಲು ಹೆಡ್‌ಮಾಸ್ಟರ್ ಒಪ್ಪಿದರು. ಅಧ್ಯಕ್ಷರು ಇನ್ನೂ "ನೋಡೋಣ" ಅನ್ನುತ್ತಿದ್ದಾರೆ. ಬಿಡುವುದಿಲ್ಲ ನಾನು.

ಪ್ರಾರಂಭೋತ್ಸವ ಜೋರಾಗಿ ಆಯಿತು. ಮಂಡ್ಯದ ಅಮ್ಮ ಹೇಳಿದ ಜೋಡಿ ಉಪಾಯ ಮಾಡಿದೆವು. ಒಂದೊಂದು ಹೊಸ ಮಗುವಿಗೆ ಒಬ್ಬ ಆರನೇ ಕ್ಲಾಸಿನವರು. ಮೊದಲು ಟಾಯ್ಲೆಟ್ಟು, ಆಮೇಲೆ ಗುಲಾಬಿ. ಹೊಸ ಅಡುಗೆಯವರಿಗೂ ಹೂ ಕೊಟ್ಟೆವು, ಅವರು ನಾಚಿಕೊಂಡು ಬಾಗಿಲ ಹಿಂದೆಯೇ ನಿಂತಿದ್ದರು. ಮೊಮ್ಮಗಳ ಬಗ್ಗೆ ಬಹಳ ಹೆದರಿದ್ದೆ. ಅವಳು ಊಟಕ್ಕೆ ಕೂತು ಎರಡು ತುತ್ತು ತಿಂದು, ಬಡಿಸುತ್ತಿದ್ದ ಅಕ್ಕನಿಗೆ "ಉಪ್ಪು ಕಮ್ಮಿ" ಅಂದಳು. ನಿಜವಾಗಿಯೂ ಕಮ್ಮಿ ಇತ್ತು. ಬಡಿಸುವ ಮುಂಚೆ ರುಚಿ ನೋಡಿ ವಹಿಯಲ್ಲಿ ಬರೆಯಬೇಕಾದವಳು ನಾನೇ, "ಚೆನ್ನಾಗಿದೆ" ಅಂತ ಬರೆದು ಸಹಿ ಹಾಕಿದ್ದೆ. ಮೊದಲ ದಿನವೇ ಹೊಸಬರಿಗೆ ಏನು ಹೇಳುವುದು, ಅಲ್ವಾ?

ಇನ್ನೊಂದು ಸಹಾಯ ಬೇಕು. ರಾಯಚೂರಿನವರು ತಟ್ಟೆಗೆ ಅಂತ ಕೊಟ್ಟ ದುಡ್ಡಿಗೆ ಊರಿನ ಹಳೇ ವಿದ್ಯಾರ್ಥಿಗಳೂ ಸೇರಿಸಿದ್ದಾರೆ. ಬಕೆಟ್ಟು ಸೌಟು ತಂದು ಉಳಿಯುತ್ತದೆ. ಅಜ್ಜಿ ಹೆಸರಲ್ಲಿ ದತ್ತಿ ಬಹುಮಾನ ಇಡೋಣ ಅಂತಿದ್ದಾರೆ. ಅದನ್ನು ಹೇಗೆ ಇಡುವುದು, ಯಾರಿಗೆ ಕೊಡುವುದು?

ನಿವೃತ್ತ ಮೇಷ್ಟ್ರು, ಹಾಸನ:

ಯಾರ ಸ್ವಂತ ಹೆಸರಲ್ಲೂ ಇಡಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆದು, ಶಾಲೆಯ ಹೆಸರಲ್ಲಿ, ಅಧ್ಯಕ್ಷರು ಮುಖ್ಯ ಶಿಕ್ಷಕರ ಜಂಟಿ ಸಹಿಗೆ ನಿಶ್ಚಿತ ಠೇವಣಿ ಮಾಡಿ. ಬಾಂಡಿನ ನಕಲು ಅಜ್ಜಿ ಮನೆಯವರ ಹತ್ತಿರವೂ ಒಂದಿರಲಿ. ಅಧ್ಯಕ್ಷರು ಬದಲಾಗುತ್ತಾರೆ, ಹೆಡ್‌ಮಾಸ್ಟರಿಗೆ ವರ್ಗಾವಣೆ ಆಗುತ್ತದೆ, ಎಷ್ಟೋ ಶಾಲೆಯಲ್ಲಿ ಹಳೇ ದತ್ತಿ ಬಾಂಡು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹತ್ತು ಸಾವಿರ ಇಟ್ಟರೆ ವರ್ಷಕ್ಕೆ ಆರೇಳು ನೂರು ಬಡ್ಡಿ ಬರಬಹುದು, ಅಷ್ಟರಲ್ಲಿ ಆಗುವಂಥ ಬಹುಮಾನ ಇಡಿ.

ಹೆಚ್ಚು ಅಂಕ ತೆಗೆದವರಿಗಂತೂ ಬೇಡ, ಅವರಿಗೆ ಬೇಕಾದಷ್ಟಿವೆ. ಹೊಸ ಮಗುವಿಗೆ ಜೋಡಿಯಾಗಿ ವರ್ಷವಿಡೀ ಚೆನ್ನಾಗಿ ನೋಡಿಕೊಂಡ ಆರನೇ ಕ್ಲಾಸಿನವರಿಗೆ ಕೊಡಿ. ಯಾರಿಗೆ ಅಂತ ನೀವು ತೀರ್ಮಾನ ಮಾಡಬೇಡಿ, ಒಂದನೇ ಕ್ಲಾಸಿನ ಮಕ್ಕಳನ್ನೇ ಕೇಳಿ. ಮುಂದಿನ ವರ್ಷದ ಪ್ರಾರಂಭೋತ್ಸವದಲ್ಲೇ ಕೊಟ್ಟುಬಿಡಿ. ಆಗ ಇನ್ನೂ ಏಳನೇ ಕ್ಲಾಸಿನಲ್ಲಿ ಇರುತ್ತಾರೆ, ಕೈಗೆ ಸಿಗುತ್ತಾರೆ.

ಉಪ್ಪಿನ ಪ್ಯಾಕೆಟ್ಟು ಮಾತ್ರ ಆ ಮೊಮ್ಮಗಳ ಕೈಗೆ ಕೊಡಬೇಡಿ.